ಪಿತ್ತ, ಕರುಳು, ಹೊಕ್ಕುಳು: ಜುಲು ವೈದ್ಯದಲ್ಲಿ ದೇಹದ ಭಾಷೆ

ನಮಗೆ ಸಿಟ್ಟು ಬಂದರೆ ಪಿತ್ತ ನೆತ್ತಿಗೇರುತ್ತದೆ. ಮಗು ಎಡವಿ ಬಿದ್ದರೆ ಕರುಳು ಚುರ್ರೆನ್ನುತ್ತದೆ. ಪಕ್ಕದ ಮನೆಯವರು ಹೊಸ ಕಾರು ತಂದರೆ ಹೊಟ್ಟೆ ಉರಿಯುತ್ತದೆ. ಧೈರ್ಯ ಇರುವವರಿಗೆ ಎದೆಗಾರಿಕೆ ಇದೆ ಅನ್ನುತ್ತೇವೆ, ರಕ್ತಸಂಬಂಧವನ್ನು ಕರುಳಬಳ್ಳಿ ಅನ್ನುತ್ತೇವೆ. ಯಾವ ಸ್ಕ್ಯಾನಿಂಗ್ ಸೆಂಟರಿನಲ್ಲೂ ಇವು ಕಾಣಿಸುವುದಿಲ್ಲ. ಆದರೂ ಈ ಮಾತುಗಳಿಲ್ಲದೆ ನಮ್ಮ ಒಂದು ದಿನವೂ ಸಾಗುವುದಿಲ್ಲ.

ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿಯ ಜುಲು ಜನರ ಸಾಂಪ್ರದಾಯಿಕ ವೈದ್ಯದ ಬಗ್ಗೆ ಓದತೊಡಗಿದಾಗ ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು ಇಂಥ ಮಾತುಗಳೇ. ಅವರ ಭಾಷೆಯಲ್ಲಿ 'ಇಸಿಬಿಂದಿ' ಎಂದರೆ ಯಕೃತ್ತು, ಅಂದರೆ ಲಿವರ್. ಧೈರ್ಯಕ್ಕೂ ಅದೇ ಶಬ್ದ. 'ಅವಳಿಗೆ ಇಸಿಬಿಂದಿ ಇದೆ' ಎಂದರೆ ಗಟ್ಟಿಗಿತ್ತಿ ಎಂದರ್ಥ. ನಮ್ಮ ಎದೆಗಾರಿಕೆ ಅವರಲ್ಲಿ ಒಂದು ಗೇಣು ಕೆಳಗೆ ಇಳಿದಿದೆ, ಅಷ್ಟೇ! 'ಇಸಿಸು' ಎಂದರೆ ಹೊಟ್ಟೆ, ಬಸಿರು ಕೂಡ. ಹೃದಯಕ್ಕೆ ಅವರು ಬಣ್ಣ ಕೊಡುತ್ತಾರೆ: ಒಳ್ಳೆಯ ಮನಸ್ಸಿನವರದು ಬಿಳಿ ಹೃದಯ, ಕಹಿ ತುಂಬಿಕೊಂಡವರದು ಕಪ್ಪು ಹೃದಯ. ಆದರೆ ನಮ್ಮಲ್ಲಿ ನುಡಿಗಟ್ಟಾಗಿ ಉಳಿದಿರುವ ಸಂಗತಿ ಅಲ್ಲಿ ಚಿಕಿತ್ಸೆಯ ಭಾಗವಾಗಿಯೂ ಬೆಳೆದಿದೆ. ಅಂಗ ಎಂಬುದು ಅಲ್ಲಿ ಒಬ್ಬರ ಸ್ವಂತ ಸೊತ್ತಲ್ಲ. ಬದುಕಿರುವವರು, ಸತ್ತವರು, ಇನ್ನೂ ಹುಟ್ಟಬೇಕಾದವರು ಒಬ್ಬರನ್ನೊಬ್ಬರು ಮುಟ್ಟುವ ಜಾಗ ಅದು. ಆ ಮುಟ್ಟುವಿಕೆಯನ್ನು ಓದಿ ಹೇಳುವ ಕೆಲಸ ಹೆಚ್ಚಾಗಿ ಹೆಂಗಸರದು. ನಮ್ಮ ಮಹಿಳಾ ವೇದಿಕೆಯ ಸಂಚಿಕೆಗೆ ಈ ವಿಷಯ ಆರಿಸಿಕೊಂಡದ್ದಕ್ಕೆ ಅದೇ ಕಾರಣ.

ಎಲ್ಲಕ್ಕಿಂತ ಮೊದಲು ಪಿತ್ತಕೋಶ. ಜುಲು ಭಾಷೆಯಲ್ಲಿ ಅದು 'ಇನ್ಯೊಂಗೊ'. ಅದರೊಳಗಿನ ಪಿತ್ತರಸವೂ ಇನ್ಯೊಂಗೊ. ತಲೆನೋವು, ವಾಕರಿಕೆ, ಬಾಯಿ ಕಹಿ, ಮೈಯೆಲ್ಲ ಜಡ, ಇವೆಲ್ಲ ಸೇರಿದ ಕಾಯಿಲೆಯ ಹೆಸರೂ ಇನ್ಯೊಂಗೊ. 'ಪಿತ್ತ ಆಗಿದೆ, ಸ್ವಲ್ಪ ಶುಂಠಿ ಕಷಾಯ ಮಾಡಿಕೊಡು' ಅನ್ನುತ್ತಿದ್ದ ಅಜ್ಜಿಯರು ಡರ್ಬನ್ನಿನಲ್ಲಿ ಇಳಿದರೆ ಈ ಒಂದು ವಿಷಯಕ್ಕಂತೂ ದುಭಾಷಿ ಬೇಕಾಗುತ್ತಿರಲಿಲ್ಲ. ಚಿಕಿತ್ಸೆ ಮಾತ್ರ ನಮ್ಮದಕ್ಕಿಂತ ಬಿರುಸು. ಔಷಧದ ನೀರು ಕುಡಿಸಿ ವಾಂತಿ ಮಾಡಿಸುವುದು ಅಥವಾ ಎನಿಮಾ ಕೊಡುವುದು ಅಲ್ಲಿ ಮನೆಮನೆಯ ರೂಢಿ. ನಮ್ಮ ಆಯುರ್ವೇದದ ವಮನ, ಬಸ್ತಿಗಳನ್ನು ನೆನಪಿಸುತ್ತದೆ.

ಈ ಪಿತ್ತ ಕಾಯಿಲೆಯಾಗಿ ಮುಗಿದುಹೋಗುವುದಿಲ್ಲ. ಹಿರಿಯರಿಗಾಗಿ ಮೇಕೆಯನ್ನೋ ದನವನ್ನೋ ಬಲಿ ಕೊಟ್ಟಾಗ ಅದರ ಪಿತ್ತಕೋಶವನ್ನು ಎಚ್ಚರಿಕೆಯಿಂದ ಬೇರ್ಪಡಿಸಿ, ಯಾರಿಗಾಗಿ ಆ ಪೂಜೆಯೋ ಅವರ ಪಾದ, ಕೈ, ತಲೆಯ ಮೇಲೆ ಪಿತ್ತರಸವನ್ನು ಸುರಿಯುತ್ತಾರೆ. ಸತ್ತ ಹಿರಿಯರನ್ನು ಜುಲು ಜನ 'ಅಮಾದ್ಲೋಜಿ' ಎನ್ನುತ್ತಾರೆ. 'ಅಬಾಫಾನ್ಸಿ', ಅಂದರೆ ಕೆಳಗಿನವರು ಎಂದೂ ಹೇಳುತ್ತಾರೆ. ಆ ಹಿರಿಯರು ಬಂದು ಪಿತ್ತವನ್ನು ನೆಕ್ಕುತ್ತಾರೆ ಎಂಬುದು ನಂಬಿಕೆ. ನಮಗೆ ಕಹಿಯಾದದ್ದು ಅವರಿಗೆ ಸಿಹಿ. ಸತ್ತವರ ಲೋಕದಲ್ಲಿ ಎಲ್ಲವೂ ತಿರುವುಮುರುವು. ಖಾಲಿಯಾದ ಪಿತ್ತಕೋಶವನ್ನೂ ಎಸೆಯುವುದಿಲ್ಲ. ಅದಕ್ಕೆ ಗಾಳಿ ಊದಿ, ಒಣಗಿಸಿ, ತಲೆಗೂದಲಿಗೋ ಮಣಿಕಟ್ಟಿಗೋ ಕಟ್ಟಿಕೊಳ್ಳುತ್ತಾರೆ. ಜುಲು ವೈದ್ಯೆಯರ ಹಳೆಯ ಫೋಟೋಗಳಲ್ಲಿ ಕೂದಲಿನ ಮಧ್ಯೆ ಪುಟ್ಟ ಬಲೂನುಗಳಂತೆ ಕಾಣುವವು ಇವೇ. ವಸಾಹತು ಕಾಲದ ಫೋಟೋಗ್ರಾಫರುಗಳಿಗೆ ಅವು ವಿಚಿತ್ರ ಅಲಂಕಾರ. ಧರಿಸಿದವಳಿಗೆ ಮಾತ್ರ ಪ್ರತಿಯೊಂದೂ ಒಂದೊಂದು ಬಲಿಯ, ಒಂದೊಂದು ಕರೆಯ ಲೆಕ್ಕ.

ಮದುವೆಯಲ್ಲೂ ಇದೇ ಪಿತ್ತ ಬರುತ್ತದೆ. ಮಗಳು ಗಂಡನ ಮನೆಗೆ ಹೊರಡುವ ಮೊದಲು ತವರಿನಲ್ಲಿ ಅವಳ ಹೆಸರಿನಲ್ಲಿ ಮೇಕೆ ಕಡಿದು, ಅದರ ಪಿತ್ತವನ್ನು ಅವಳ ಮೈಮೇಲೆ ಸುರಿದು, 'ಇವಳು ಹೊರಟಿದ್ದಾಳೆ, ಜೊತೆಗಿರಿ' ಎಂದು ಹಿರಿಯರಿಗೆ ತಿಳಿಸುತ್ತಾರೆ. ಗಾಳಿ ತುಂಬಿದ ಪಿತ್ತಕೋಶವನ್ನು ಮದುಮಗಳು ಧರಿಸುತ್ತಾಳೆ. ನಮ್ಮ ಮಡಿಲಕ್ಕಿಯ ನೆನಪು ಬಂದರೆ ತಪ್ಪಿಲ್ಲ. ಎರಡರ ಹಿಂದೆಯೂ ಇರುವ ಅಳುಕು ಒಂದೇ: ಹೋದ ಮನೆಯಲ್ಲಿ ಇವಳಿಗೆ ನಮ್ಮವರು ಯಾರಿದ್ದಾರೆ?

ಬಲಿಯ ಪ್ರಾಣಿಯ ಹೊಟ್ಟೆಯಲ್ಲಿ ಉಳಿದ ಅರ್ಧ ಜೀರ್ಣವಾದ ಹುಲ್ಲಿಗೂ ಹೆಸರಿದೆ, ಕೆಲಸವೂ ಇದೆ. ಅದನ್ನು 'ಉಮ್ಸ್ವಾನಿ' ಎನ್ನುತ್ತಾರೆ. ಮೈಲಿಗೆ ಕಳೆಯಲು ಅದರಿಂದ ಕೈ ತೊಳೆದುಕೊಳ್ಳುತ್ತಾರೆ. ಓದುವಾಗ ಮೂಗು ಮುರಿಯಬೇಡಿ. ಗೋಮಯದಿಂದ ಅಂಗಳ ಸಾರಿಸಿ, ಪಂಚಗವ್ಯ ಕುಡಿದು ಶುದ್ಧರಾದ ಮನೆತನಗಳಿಂದ ಬಂದವರು ನಮ್ಮಲ್ಲೂ ಬಹಳ ಮಂದಿ ಇದ್ದೀರಿ.

ದೇಹದ ಒಳಭಾಗದ ಬಗೆಗಿನ ಈ ತಿಳಿವಳಿಕೆ ಗೊತ್ತಿಲ್ಲದೆ ಹೊರಗಿನವರು ಎಷ್ಟು ತಪ್ಪಾಗಿ ಓದಿಕೊಂಡರು ಎಂಬುದಕ್ಕೆ ಇತಿಹಾಸದಲ್ಲಿ ಒಂದು ದೊಡ್ಡ ಉದಾಹರಣೆ ಇದೆ. 1879ರ ಜನವರಿ 22ರಂದು ಇಸಾಂಡ್ಲ್ವಾನಾ ಎಂಬ ಗುಡ್ಡದ ಬುಡದಲ್ಲಿ ಜುಲು ಸೈನ್ಯ ಬ್ರಿಟಿಷ್ ಪಡೆಯನ್ನು ಸೋಲಿಸಿತು. ಬ್ರಿಟಿಷರ ಕಡೆ 1,300ಕ್ಕೂ ಹೆಚ್ಚು ಮಂದಿ ಸತ್ತರು. ಆಮೇಲೆ ಅಲ್ಲಿಗೆ ಬಂದವರು ಕಂಡದ್ದು ಹೊಟ್ಟೆ ಸೀಳಿದ ಹೆಣಗಳು. ಇಂಗ್ಲೆಂಡಿನ ಪತ್ರಿಕೆಗಳಿಗೆ ಅದು ಕ್ರೌರ್ಯದ, ಅನಾಗರಿಕತೆಯ ಪುರಾವೆಯಾಯಿತು. ಜುಲು ಯೋಧನಿಗೆ ಅದು ಮಾಡಲೇಬೇಕಾದ ವಿಧಿ. ಕೊಂದವನ ಮೈಗೆ ಸಾವಿನ ಮೈಲಿಗೆ ಅಂಟುತ್ತದೆ. ಸತ್ತವನ ಹೊಟ್ಟೆ ತೆರೆದು ಒಳಗಿರುವುದನ್ನು ಬಿಡುಗಡೆ ಮಾಡದಿದ್ದರೆ ಹೆಣ ಊದಿಕೊಳ್ಳುವಂತೆ ತನ್ನ ಹೊಟ್ಟೆಯೂ ಊದಿಕೊಳ್ಳುತ್ತದೆ ಎಂಬ ಭಯ ಅವನಿಗೆ. ಯುದ್ಧ ಮುಗಿದ ಮೇಲೆ ಶುದ್ಧಿಯಾಗುವವರೆಗೆ ಅವನು ಸತ್ತವನ ಬಟ್ಟೆಯ ತುಂಡೊಂದನ್ನು ಧರಿಸಿರುತ್ತಿದ್ದ, ಎಲ್ಲರಂತೆ ಮನೆಯೊಳಗೆ ಬೆರೆಯುವಂತಿರಲಿಲ್ಲ. ಯುದ್ಧವನ್ನು ನಾನು ಹೊಗಳುತ್ತಿಲ್ಲ. ಆದರೆ ಕೊಂದವನೂ ರೋಗಿ, ಅವನಿಗೂ ಚಿಕಿತ್ಸೆ ಬೇಕು ಎಂದು ತಿಳಿದ ಸಮಾಜವನ್ನು ಅನಾಗರಿಕ ಎಂದು ಕರೆದವರ ಕಡೆ, ಕೊಂದು ಬಂದ ಸೈನಿಕರಿಗೆ ಸಿಕ್ಕಿದ್ದು ಪದಕಗಳು.

ಅದೇ ಯುದ್ಧದಲ್ಲಿ ಬ್ರಿಟಿಷರು ಸುಟ್ಟುಹಾಕಿದ ಒಂದು ವಸ್ತುವಿನ ಬಗ್ಗೆಯೂ ಹೇಳಬೇಕು. ಅದರ ಹೆಸರು 'ಇಂಕಾಥಾ'. ತಲೆಯ ಮೇಲೆ ಕೊಡ ಹೊರುವಾಗ ಹೆಂಗಸರು ಇಟ್ಟುಕೊಳ್ಳುವ ಹುಲ್ಲಿನ ಸಿಂಬಿಗೆ ಜುಲು ಭಾಷೆಯಲ್ಲಿ ಇಂಕಾಥಾ ಎನ್ನುತ್ತಾರೆ. ರಾಜ್ಯಕ್ಕೂ ಅಂಥದೇ ಒಂದು ದೊಡ್ಡ ಸಿಂಬಿ ಇತ್ತು. ಹೆಬ್ಬಾವಿನ ಚರ್ಮ ಸುತ್ತಿದ ಆ ಹುಲ್ಲಿನ ಸುರುಳಿಯೊಳಗೆ ರಾಜರ, ಪ್ರಜೆಗಳ ಮೈಯ ಬೆವರು, ಕೊಳೆ, ಯುದ್ಧಕ್ಕೆ ಮುಂಚೆ ಯೋಧರು ಮಾಡಿದ ವಾಂತಿ ತಾಗಿದ ಹುಲ್ಲು, ಇಂಥವೆಲ್ಲ ಸೇರಿದ್ದವು. ಮೈಯ ಕೊಳೆಗೆ 'ಇನ್ಸಿಲಾ' ಎಂದು ಹೆಸರು. ಮೈಯಿಂದ ಬೇರೆಯಾದರೂ ಅದರಲ್ಲಿ ಆ ಮನುಷ್ಯ ಇನ್ನೂ ಇರುತ್ತಾನೆ, ಶತ್ರುವಿನ ಕೈಗೆ ಸಿಕ್ಕರೆ ಕೇಡು, ಒಟ್ಟಿಗೆ ಕಟ್ಟಿಟ್ಟರೆ ಒಗ್ಗಟ್ಟು. ಕತ್ತರಿಸಿದ ಉಗುರು, ಬಾಚಿದ ಕೂದಲನ್ನು ಎಲ್ಲೆಂದರಲ್ಲಿ ಬಿಸಾಡಬೇಡಿ ಎಂದು ಹೇಳಿಸಿಕೊಂಡು ಬೆಳೆದ ನಮಗೆ ಇದು ಹೊಸದೇನಲ್ಲ. ರಾಜನ ಇನ್ಸಿಲಾವನ್ನು ಕಾಯುವುದಕ್ಕೇ ಒಬ್ಬ ಆಪ್ತ ಸೇವಕ ಇರುತ್ತಿದ್ದ. ಜಾನ್ ದುಬೆ 1930ರಲ್ಲಿ ಪ್ರಕಟಿಸಿದ ಮೊದಲ ಜುಲು ಕಾದಂಬರಿಯ ನಾಯಕ ಅಂಥ ಸೇವಕನೇ. ನನಗೆ ಕುತೂಹಲ ಎನಿಸಿದ್ದು ಬೇರೆ: ಇಡೀ ರಾಜ್ಯದ ಒಗ್ಗಟ್ಟಿಗೆ ಹೆಸರು ಬೇಕಾದಾಗ ಅದು ಸಿಕ್ಕಿದ್ದು ನೀರು ಹೊರುವ ಹೆಂಗಸಿನ ತಲೆಯ ಮೇಲೆ.

ಈಗ ಹೆಂಗಸಿನ ದೇಹಕ್ಕೆ ಬರೋಣ. ಜುಲು ವೈದ್ಯದಲ್ಲಿ ಎರಡು ಮುಖ್ಯ ಬಗೆಯವರಿದ್ದಾರೆ. ಗಿಡಮೂಲಿಕೆ ಕೊಡುವವರು 'ಇನ್ಯಾಂಗಾ', ಹಿಂದಿನಿಂದಲೂ ಹೆಚ್ಚಾಗಿ ಗಂಡಸರು. (ಚಂದ್ರನಿಗೂ ತಿಂಗಳಿಗೂ ಅದೇ ಶಬ್ದ.) ಹಿರಿಯರ ಕರೆ ಬಂದು, ಕಾಯಿಲೆಯ ಕಾರಣವನ್ನು ಕಂಡು ಹೇಳುವವರು 'ಇಸಾಂಗೊಮಾ', ಹೆಚ್ಚಾಗಿ ಹೆಂಗಸರು. ಇಸಾಂಗೊಮಾ ಆಗಬೇಕೆಂದು ಯಾರೂ ಅರ್ಜಿ ಹಾಕುವುದಿಲ್ಲ. ಮೊದಲು ಮೈ ಕೆಡುತ್ತದೆ. ಊಟ ಸೇರುವುದಿಲ್ಲ, ನೋವು ಅಂಗದಿಂದ ಅಂಗಕ್ಕೆ ಅಲೆಯುತ್ತದೆ, ಭುಜಗಳು ಭಾರವಾಗುತ್ತವೆ, ರಾತ್ರಿಯೆಲ್ಲ ಕನಸುಗಳು. ಹಿರಿಯರು ಭುಜದ ಮೇಲೆ ಕೂತಿದ್ದಾರೆ ಎಂದು ಅದರ ಅರ್ಥ. ಈ ಕಾಯಿಲೆಗೆ 'ಉಕುಥ್ವಾಸಾ' ಎಂದು ಹೆಸರು, ಅಮಾವಾಸ್ಯೆ ಕಳೆದು ಹೊಸ ಚಂದ್ರ ಮೂಡುವುದಕ್ಕೂ ಅದೇ ಮಾತು. ಹಳೆಯ ಇಸಾಂಗೊಮಾ ಒಬ್ಬಳ ಕೈಕೆಳಗೆ ಕಲಿತು ಹೊರಬಂದ ಮೇಲೆ ರೋಗಿಯೇ ವೈದ್ಯೆ. ಸ್ಪ್ರಿಂಗ್‌ವೇಲ್ ಎಂಬಲ್ಲಿದ್ದ ಹೆನ್ರಿ ಕ್ಯಾಲವೇ ಎಂಬ ಇಂಗ್ಲಿಷ್ ಪಾದ್ರಿ, ಮೊದಲು ವೈದ್ಯನಾಗಿದ್ದವನು, 1860ರ ದಶಕದಲ್ಲಿ ಜುಲು ಜನರ ಬಾಯಿಂದಲೇ ಇದನ್ನೆಲ್ಲ ಅವರ ಭಾಷೆಯಲ್ಲೇ ಬರೆದಿಟ್ಟುಕೊಂಡ. ಆ ಕಾಲದ ಪಾದ್ರಿಗಳಲ್ಲಿ ಇದು ಅಪರೂಪದ ತಾಳ್ಮೆ.

ಇಸಾಂಗೊಮಾಳ ಬಳಿ ಹೋದಾಗ 'ಏನು ತೊಂದರೆ' ಎಂದು ಅವಳು ಕೇಳುವುದಿಲ್ಲ, ಬಂದವರು ಹೇಳುವುದೂ ಇಲ್ಲ. ಅವಳೇ ಹೇಳಬೇಕು. ತಲೆಯೇ, ಎದೆಯೇ, ಸೊಂಟವೇ, ಮೊಣಕಾಲೇ ಎಂದು ರೋಗಿಯ ದೇಹವನ್ನು ಮಾತಿನಲ್ಲೇ ತಡವುತ್ತಾ ಹೋಗುತ್ತಾಳೆ. ಬಂದವರು ಚಪ್ಪಾಳೆ ತಟ್ಟಿ 'ಸಿಯಾವುಮಾ', ಅಂದರೆ ಹೌದು, ಒಪ್ಪಿದೆವು ಎನ್ನುತ್ತಾರೆ. ಸರಿಯಾದ ಜಾಗ ಮುಟ್ಟಿದಾಗ ಚಪ್ಪಾಳೆ ಜೋರಾಗುತ್ತದೆ. ಅದನ್ನು ಕೇಳಿಸಿಕೊಂಡೇ ಅವಳು ದಾರಿ ಹಿಡಿಯುತ್ತಾಳೆ ಎಂದು ವಿಚಾರವಾದಿಗಳು ಹೇಳಬಹುದು. ಹೇಳಲಿ. ಮನೆಯವರೆಲ್ಲ ಕೂತು ಒಬ್ಬರ ನೋವಿನ ಜಾಗವನ್ನು ಹುಡುಕುವುದು, ಆಮೇಲೆ ಅದು ಯಾವ ಜಗಳದಿಂದ, ಯಾವ ಮರೆತ ಹಿರಿಯರಿಂದ ಬಂತು ಎಂದು ಮಾತಾಡುವುದು, ಇದರಲ್ಲೇ ಅರ್ಧ ಚಿಕಿತ್ಸೆ ಇದೆ ಎಂದು ನನಗನ್ನಿಸುತ್ತದೆ. ಐದು ನಿಮಿಷದಲ್ಲಿ ಚೀಟಿ ಬರೆದು ಕಳಿಸುವ ನಮ್ಮ ಒ.ಪಿ.ಡಿ.ಗಳಲ್ಲಿ ಸಿಗದಿರುವುದು ಅದೇ.

ಈ ಕೆಲಸ ಹೆಂಗಸರದೇ ಏಕೆ? ಇದಕ್ಕೆ ಒಪ್ಪುವ ಉತ್ತರ ಕೊಟ್ಟವರು ಒಬ್ಬ ಜುಲು ಮಹಿಳೆಯೇ. ಮಾನವಶಾಸ್ತ್ರಜ್ಞೆ ಹ್ಯಾರಿಯೆಟ್ ಎನ್‌ಗುಬಾನೆ ಡರ್ಬನ್ನಿಗೆ ಹತ್ತಿರದ ಸಾವಿರ ಬೆಟ್ಟಗಳ ಕಣಿವೆಯಲ್ಲಿ ನ್ಯುಸ್ವಾ ಜನರ ನಡುವೆ ಅಧ್ಯಯನ ಮಾಡಿ 1977ರಲ್ಲಿ ಜುಲು ವೈದ್ಯದ ದೇಹ ಮತ್ತು ಮನಸ್ಸಿನ ಬಗ್ಗೆ ಪುಸ್ತಕ ಬರೆದರು. ಅವರಿಗಿಂತ ಮುಂಚೆ ಬರೆದವರಲ್ಲಿ ಬಹುಪಾಲು ಗಂಡಸರು, ಬಿಳಿಯರು. ಹೆರಿಗೆಯ ಕೋಣೆಯೊಳಗೆ, ಮುಟ್ಟಿನ ಮಾತಿನೊಳಗೆ ಅವರಿಗೆ ಪ್ರವೇಶ ಇರಲಿಲ್ಲ. ಎನ್‌ಗುಬಾನೆ ಕೇಳಿದ್ದು ಅಲ್ಲಿಂದ.

ಅವರ ವಾದದ ತಿರುಳು ಹೀಗೆ. ಜುಲು ಜನ 'ಉಮ್ನ್ಯಾಮಾ' ಎಂಬ ಮೈಲಿಗೆಯನ್ನು ನಂಬುತ್ತಾರೆ. ಆ ಮಾತಿಗೆ ಕತ್ತಲೆ ಎಂದೂ ಅರ್ಥ. ಹೆರಿಗೆ, ಸಾವು, ಮುಟ್ಟು ಈ ಮೂರೂ ಕಡೆ ಅದು ಇರುತ್ತದೆ. ಪುರುಡು, ಸೂತಕ, ಮುಟ್ಟು ಎಂದು ಎಣಿಸುತ್ತಿದ್ದ ನಮ್ಮ ಹಿರಿಯರಿಗೆ ಈ ಪಟ್ಟಿಯಲ್ಲಿ ಒಂದನ್ನೂ ತಿದ್ದಬೇಕಾಗಿರಲಿಲ್ಲ. ಮೂರರಲ್ಲೂ ಮುಂದೆ ನಿಲ್ಲುವವಳು ಹೆಂಗಸು. ಹುಟ್ಟುವ ಜೀವ ಆಚೆಯ ಲೋಕದಿಂದ ಬರುವುದು ಅವಳ ಬಸಿರಿನ ಮೂಲಕ. ಸತ್ತವರು ಮನೆಯಿಂದ ಹೋಗುವಾಗ ಮುಖ್ಯ ದುಃಖಿತೆಯಾಗಿ ಹೆಣದ ಪಕ್ಕ ಕೂರುವವಳೂ ಮದುವೆಯಾದ ಹೆಂಗಸೇ. ಎರಡೂ ಬಾಗಿಲಲ್ಲಿ ನಿಂತಿರುವವಳ ಮೈಯೇ ಲೋಕಗಳ ನಡುವಿನ ಹೊಸಿಲು. ಹೊಸಿಲಿಗೆ ಕತ್ತಲೆಯೂ ಅಂಟುತ್ತದೆ, ಶಕ್ತಿಯೂ ಬರುತ್ತದೆ. ಆದ್ದರಿಂದ ಸತ್ತವರ ಜೊತೆ ಮಾತಾಡುವವಳೂ ಹೆಂಗಸೇ ಆಗಬೇಕು. ಗಂಡಸಿಗೆ ಆ ಕರೆ ಬಂದರೆ ಅವನು ಹೆಂಗಸಿನ ಉಡುಪು ತೊಡುತ್ತಾನೆ.

ಔಷಧದ ಬಣ್ಣಗಳನ್ನೂ ಅವರು ಇದೇ ಬೆಳಕಿನಲ್ಲಿ ಬಿಡಿಸಿದರು. ಮೊದಲು ಕಪ್ಪು, ಆಮೇಲೆ ಕೆಂಪು, ಕೊನೆಗೆ ಬಿಳಿ. ಈ ಕ್ರಮ ಎಂದೂ ತಿರುಗುಮುರುಗಾಗುವುದಿಲ್ಲ. ಕಪ್ಪು, ಕೆಂಪು ಔಷಧಗಳು ಕೆಟ್ಟದ್ದನ್ನು ಮೈಯಿಂದ ಹೊರಹಾಕುತ್ತವೆ, ಅವನ್ನು ಕುದಿಸುತ್ತಾರೆ. ಬಿಳಿ ಔಷಧ ಮತ್ತೆ ಬಲ ಕೊಡುತ್ತದೆ, ಅದನ್ನು ಕುದಿಸುವುದಿಲ್ಲ. ರಾತ್ರಿ ಕಳೆದು, ನಸುಕಿನ ಕೆಂಪು ದಾಟಿ, ಹಗಲಿಗೆ ಬರುವ ಹಾದಿ ಅದು. ರೋಗಿಯನ್ನು ಕಪ್ಪಿನಲ್ಲೇ ಬಿಟ್ಟುಬಿಡುವಂತಿಲ್ಲ.

ವಿವರಣೆ ಸೊಗಸಾಗಿದೆ. ಹಾಗೆಂದು ಮೈಲಿಗೆ ಸೊಗಸಾಗುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಮುಟ್ಟಾದ ಹೆಂಗಸು ದನದ ದೊಡ್ಡಿಗೆ ಕಾಲಿಡಬಾರದು, ಹೆಪ್ಪಾದ ಹುಳಿ ಹಾಲು 'ಅಮಾಸಿ' ಕುಡಿಯಬಾರದು. ಹೊಸ ಸೊಸೆ ಗಂಡನ ಮನೆಯ ಅಮಾಸಿ ಮುಟ್ಟಬೇಕಾದರೆ ಅದಕ್ಕೊಂದು ಶಾಸ್ತ್ರ ಆಗಬೇಕು. ಹೊಸಿಲು ಎಂದು ಪೂಜಿಸಿಕೊಳ್ಳುವವಳನ್ನು ಹೊಸಿಲಿನಾಚೆ ಕೂರಿಸಿದ ಮನೆಗಳು ನಮ್ಮವೂ ಆಗಿದ್ದವು. ಶಕ್ತಿ ಎಂಬ ಹೆಸರು ಕೊಟ್ಟ ಮಾತ್ರಕ್ಕೆ ಹಸಿವು ತೀರುವುದಿಲ್ಲ.

ಹೊಕ್ಕುಳಿನ ವಿಷಯ ಮಾತ್ರ ಯಾವ ತಕರಾರೂ ಇಲ್ಲದೆ ನನಗೆ ಇಷ್ಟ. ಅದು 'ಇಂಕಾಬಾ'. ಮಗುವಿನ ಹೊಕ್ಕುಳಬಳ್ಳಿಯನ್ನು ಮನೆಯ ಆವರಣದ ಮಣ್ಣಿನಲ್ಲಿ ಹೂಳುತ್ತಾರೆ. ಜೊಹಾನೆಸ್‌ಬರ್ಗಿನಲ್ಲಿ ಎಷ್ಟೇ ವರ್ಷ ದುಡಿದವರಿಗೂ ಹಿರಿಯರು ಕೇಳುವ ಪ್ರಶ್ನೆ: 'ನಿನ್ನ ಇಂಕಾಬಾ ಎಲ್ಲಿದೆ?' ಎಲ್ಲಿಯವಳು ನೀನು ಎಂದು ಅದರ ಅರ್ಥ. ಮುಂಬಯಿಯ ಆಸ್ಪತ್ರೆಯಲ್ಲೇ ಹುಟ್ಟಿದ ಮಕ್ಕಳನ್ನೂ 'ನಿಮ್ಮ ಊರು ಯಾವುದು?' ಎಂದು ಕೇಳಿ, ಧಾರವಾಡವೋ ಕುಂದಾಪುರವೋ ಎಂಬ ಉತ್ತರ ಬರುವವರೆಗೂ ಬಿಡದ ನಮಗೆ ಈ ಪ್ರಶ್ನೆ ಚೆನ್ನಾಗಿಯೇ ಅರ್ಥವಾಗುತ್ತದೆ.

ಪಾದಕ್ಕೂ ಒಂದು ಪಾಠ ಇದೆ. ದಾರಿಯಲ್ಲಿ ಯಾರೋ ಇಟ್ಟ ಕೆಟ್ಟ ಔಷಧವನ್ನು ದಾಟಿದರೆ ಕಾಯಿಲೆ ಕಾಲಿನಿಂದ ಏರುತ್ತದೆ ಎಂಬ ನಂಬಿಕೆ. ಮೂರು ದಾರಿ ಕೂಡುವಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು ಕಂಡರೆ ಇಂದಿಗೂ ಸುತ್ತಿ ಹೋಗುವವರು ನಮ್ಮ ಸೊಸೈಟಿಗಳಲ್ಲೇ ಇದ್ದಾರೆ, ಹೆಚ್ಚು ವಿವರಿಸುವುದಿಲ್ಲ.

ಇಂಥ ವೈದ್ಯವನ್ನು ವಸಾಹತು ಸರ್ಕಾರ ಏನು ಮಾಡಿತು? ಎರಡಾಗಿ ಸೀಳಿತು. ನಟಾಲಿನ 1891ರ ಕಾನೂನು ಗಿಡಮೂಲಿಕೆ ಕೊಡುವ ಇನ್ಯಾಂಗಾಗಳಿಗೆ ಲೈಸೆನ್ಸ್ ಕೊಟ್ಟಿತು, ಕಾರಣ ಕಂಡು ಹೇಳುವ ಇಸಾಂಗೊಮಾರನ್ನು ನಿಷೇಧಿಸಿತು. ಬೇರು, ತೊಗಟೆ ಯುರೋಪಿನವರಿಗೆ ಅರ್ಥವಾಗುವ ವಸ್ತು. ಭುಜದ ಮೇಲೆ ಕೂತ ಹಿರಿಯರು ಅರ್ಥವಾಗುವವರಲ್ಲ. ಪರಿಣಾಮ, ಹೆಚ್ಚಾಗಿ ಗಂಡಸರಿದ್ದ ಕಡೆ ಪರವಾನಗಿ, ಹೆಚ್ಚಾಗಿ ಹೆಂಗಸರಿದ್ದ ಕಡೆ ಪೊಲೀಸು. 1957ರ ಮಾಟಮಂತ್ರ ನಿಗ್ರಹ ಕಾಯ್ದೆ ಇದನ್ನು ಇನ್ನಷ್ಟು ಬಿಗಿಗೊಳಿಸಿತು. ಇಸಾಂಗೊಮಾರು ಮಾತ್ರ ಅಡಗಿಯೇ ಕೆಲಸ ಮಾಡುತ್ತ ಉಳಿದರು.

ಅದೇ ನಟಾಲಿಗೆ 1860ರ ನವೆಂಬರಿನಲ್ಲಿ ಮದ್ರಾಸಿನಿಂದ 'ಟ್ರೂರೋ' ಹಡಗು ಕಬ್ಬಿನ ತೋಟದ ಕೂಲಿಗಳನ್ನು ಹೊತ್ತು ತಂದಿತ್ತು. ಭಾರತೀಯರು ಕ್ರಮೇಣ ಡರ್ಬನ್ನಿನಲ್ಲಿ ಜುಲು ಮೂಲಿಕೆ ಮಾರುವ ಅಂಗಡಿಗಳನ್ನೂ ಇಟ್ಟರು. ಎರಡು ಕಡೆಯ ಔಷಧಗಳೂ ಒಂದರೊಳಗೊಂದು ಬೆರೆತವು. ಇತಿಹಾಸಕಾರ್ತಿ ಕರೆನ್ ಫ್ಲಿಂಟ್ 2008ರ ತಮ್ಮ ಪುಸ್ತಕದಲ್ಲಿ ಈ ಕೊಡುಕೊಳೆಯನ್ನು ವಿವರವಾಗಿ ಬರೆದಿದ್ದಾರೆ.

ಈ ವೈದ್ಯದ ಎಲ್ಲವನ್ನೂ ಒಪ್ಪಿಕೊಳ್ಳಲು ಸಾಧ್ಯವಿಲ್ಲ. 'ಇಸಿದ್ಲಿಸೊ' ಎಂಬ ಕಾಯಿಲೆ ಇದೆ. ಊಟದಲ್ಲಿ ಯಾರೋ ಮದ್ದು ಹಾಕಿದರು, ಅದು ಎದೆಯಲ್ಲಿ ಕೂತು ತಿನ್ನುತ್ತಿದೆ ಎಂಬ ನಂಬಿಕೆ. ಲಕ್ಷಣಗಳು ಕೆಮ್ಮು, ಮೈ ಸೊರಗುವುದು. ಕ್ಷಯದ ಲಕ್ಷಣವೂ ಅದೇ. 'ಮದ್ದು ಹಾಕಿದ್ದಾರೆ' ಎಂಬ ಮಾತು ನಮ್ಮ ಹಳ್ಳಿಗಳಲ್ಲೂ ಎಷ್ಟು ಅತ್ತೆ-ಸೊಸೆಯರನ್ನು, ನೆರೆಹೊರೆಯವರನ್ನು ಒಡೆದಿದೆ! ಕ್ಷಯ ಮತ್ತು ಎಚ್‌ಐವಿ ಎರಡೂ ವಿಪರೀತವಾಗಿರುವ ಕ್ವಾಜುಲು-ನಟಾಲಿನಲ್ಲಿ ಈ ಗೊಂದಲದ ಬೆಲೆ ಜೀವ. ಮಾತ್ರೆ ಶುರುವಾಗುವುದು ತಡವಾದಷ್ಟೂ ಮನೆಯ ಉಳಿದವರಿಗೂ ಅಪಾಯ. ಮನುಷ್ಯರ ಅಂಗಗಳಿಗಾಗಿಯೇ ಕೊಲೆ ಮಾಡುವ ಪಾತಕಿಗಳೂ ದಕ್ಷಿಣ ಆಫ್ರಿಕಾದಲ್ಲಿ ಇದ್ದಾರೆ. ಅಂಗದಲ್ಲಿ ಬಲ ಇದೆ ಎಂಬ ನಂಬಿಕೆ ಸಂಬಂಧದಿಂದ ಕಳಚಿ ಬಜಾರಿಗೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಅವರೇ ಸಾಕ್ಷಿ. ಅದು ವೈದ್ಯವಲ್ಲ, ಕೊಲೆ ಎಂದು ವೈದ್ಯೆಯರೂ ಹೇಳುತ್ತಾರೆ.

2007ರಲ್ಲಿ ದಕ್ಷಿಣ ಆಫ್ರಿಕಾದ ಸಂಸತ್ತು ಸಾಂಪ್ರದಾಯಿಕ ವೈದ್ಯರ ಕಾಯ್ದೆಯನ್ನು ತಂದಿತು. ಗಿಡಮೂಲಿಕೆಯವರು, ಸೂಲಗಿತ್ತಿಯರು, ಸಾಂಪ್ರದಾಯಿಕ ಶಸ್ತ್ರಚಿಕಿತ್ಸಕರ ಜೊತೆ ಕಾರಣ ಕಂಡು ಹೇಳುವವರೂ ಒಂದೇ ಪಟ್ಟಿಯಲ್ಲಿ ಸೇರಿದರು. 1891ರಿಂದ ಲೆಕ್ಕ ಹಾಕಿದರೆ 116 ವರ್ಷ.

ಡರ್ಬನ್ನಿನ ವಾರ್ವಿಕ್ ಜಂಕ್ಷನ್ನಿನಲ್ಲಿ ರಸ್ತೆ ಮೇಲ್ಸೇತುವೆಯೊಂದರ ಮೇಲೆ ದೊಡ್ಡ ಮೂಲಿಕೆ ಸಂತೆ ಇದೆ. ತೊಗಟೆ, ಬೇರು, ಹಿರಿಯರನ್ನು ಕರೆಯಲು ಸುಡುವ 'ಇಂಫೇಫೊ' ಸೊಪ್ಪಿನ ಕಟ್ಟುಗಳನ್ನು ಹರವಿ ಕೂತವರಲ್ಲಿ ಹೆಚ್ಚಿನವರು ಹೆಂಗಸರು. ಅದೇ ಸುತ್ತಿನಲ್ಲಿ ಇನ್ನೊಂದು ಸಾಲಿನ ಹೆಂಗಸರು ದೊಡ್ಡ ಪಾತ್ರೆಗಳಲ್ಲಿ ದನದ ತಲೆ ಬೇಯಿಸಿ ಮಾರುತ್ತಾರೆ. ಬಲಿಯ ಮಾಂಸ ಹಂಚುವಾಗ ತಲೆ ಗಂಡಸರ ಪಾಲು, ಹೊಟ್ಟೆಯ ಭಾಗ ಹೆಂಗಸರ ಪಾಲು ಎಂಬುದು ಜುಲು ಮನೆಗಳ ಹಳೆಯ ನಿಯಮ. ಈಗ ಆ ತಲೆಯನ್ನು ಕೊಯ್ದು, ಬೇಯಿಸಿ, ತುಂಡಿನ ಬೆಲೆ ಹೇಳುವವರು ಈ ಹೆಂಗಸರೇ.